ಪುಡಿ ಹಾಕಿದ್ದೆವು, ಹುಳಿ ಮರೆತಿದ್ದೆವು

ವಾಪಸ್ ಬಂದ ಮೊದಲ ಬಾಟಲಿಯ ಮುಚ್ಚಳ ತಿರುಗಿಸಿದೆ. ಸುಂಯ್ ಅಂತ ಗಾಳಿ ಹೊರಗೆ ಬಂತು. ಸೋಡಾ ಬಾಟಲಿಗೆ ಆ ಸದ್ದು ಸರಿ, ಗುಲಾಬಿ ಶರಬತ್ತಿಗೆ ಅಲ್ಲ. ಮೂಗಿನ ಹತ್ತಿರ ಹಿಡಿದೆ. ಗುಲಾಬಿ ವಾಸನೆ ಇತ್ತು. ಅದರ ಹಿಂದೆಯೇ ಮಧ್ಯಾಹ್ನದ ಸೇಂದಿಯ ವಾಸನೆಯೂ ಇತ್ತು. ಬಾಟಲಿಯ ಕುತ್ತಿಗೆಗೆ ಸಣ್ಣ ಸಣ್ಣ ಗುಳ್ಳೆಗಳ ಒಂದು ಉಂಗುರ ಅಂಟಿಕೊಂಡಿತ್ತು. ಬೆಳಕಿಗೆ ಹಿಡಿದು ನೋಡಿದರೆ ತಳದಿಂದ ಒಂದೊಂದೇ ಗುಳ್ಳೆ ಮೇಲೇಳುತ್ತಿತ್ತು. ಒಳಗೆ ಯೀಸ್ಟ್ ಬದುಕಿತ್ತು, ಸಕ್ಕರೆ ತಿಂದು ಆರಾಮಾಗಿ ಬೆಳೆಯುತ್ತಿತ್ತು.

ಸೂಪರ್ ಮಾರ್ಕೆಟ್‌ನ ಅಂಗಡಿಯೊಂದರಿಂದ ಅವತ್ತು 3 ಪೆಟ್ಟಿಗೆ ವಾಪಸ್ ಬಂದಿದ್ದವು. ಮಾರನೇ ದಿನ ಇನ್ನೂ 5 ಬಂದವು.

ನಾನು ಕೆಲಸ ಮಾಡುತ್ತಿದ್ದದ್ದು ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದಲ್ಲಿ. ನಿಂಬೆ ಸ್ಕ್ವಾಷ್ ಮತ್ತು ಮಾವಿನಕಾಯಿ ಉಪ್ಪಿನಕಾಯಿ ನಮ್ಮ ಮುಖ್ಯ ಮಾಲು. ಕೆಮಿಸ್ಟ್ ಅಂತ ಇದ್ದದ್ದು ನಾನೊಬ್ಬಳೇ. ಹಲವು ವರ್ಷ ಒಂದು ಬಾಟಲಿಯೂ ಕೆಟ್ಟು ಬಂದಿರಲಿಲ್ಲ. ಆ ವರ್ಷ ರಂಜಾನ್ ಬೇಸಿಗೆಗೆ ಬಂದಿತ್ತು. ಇಫ್ತಾರ್ ಹೊತ್ತಿಗೆ ಊರೆಲ್ಲ ಕೆಂಪು ಶರಬತ್ತು ಕೇಳುತ್ತದೆ. ಮಾಲೀಕರು ಗುಲಾಬಿ ಶರಬತ್ತು ಮಾಡೋಣ ಅಂದರು. ಸಕ್ಕರೆ, ನೀರು, ಗುಲಾಬಿ ಎಸೆನ್ಸ್, ಬಣ್ಣ. ಕೆಡದಂತೆ ಕಾಪಾಡಲು ನಿಂಬೆ ಸ್ಕ್ವಾಷ್‌ಗೆ ಏನು ಹಾಕುತ್ತಿದ್ದೆವೋ ಅದನ್ನೇ, ಅಷ್ಟೇ ಪ್ರಮಾಣದಲ್ಲಿ ಹಾಕಿದೆವು. ಅದೇ ಸೋಡಿಯಂ ಬೆಂಜೊಯೇಟ್. ಲೇಬಲ್ ಮೇಲೆ ಐಎನ್‌ಎಸ್ 211 ಅಂತ ಬರುತ್ತಲ್ಲ, ಅದು.

ಲೆಕ್ಕ ತಪ್ಪಿರಲಿಲ್ಲ. ಅದನ್ನು ಮೊದಲು ಹೇಳಬೇಕು. 1955ರ ಹಣ್ಣಿನ ಉತ್ಪನ್ನಗಳ ಆದೇಶದಲ್ಲಿ ಸ್ಕ್ವಾಷ್, ಸಿರಪ್‌ಗಳಿಗೆ ಕೆಜಿಗೆ 600 ಮಿಲಿಗ್ರಾಂ ಬೆಂಜೊಯಿಕ್ ಆಮ್ಲ ಅಂತ ಇತ್ತು. ಉಪ್ಪಿನಕಾಯಿಗೆ 250. ನಮ್ಮ ಘಟಕ ಆ 600 ಅನ್ನೇ ಗೆರೆ ಅಂತ ಇಟ್ಟುಕೊಂಡಿತ್ತು. ಇಲ್ಲಿ ಹೊಸಬರು ಎಡವುವ ಒಂದು ಜಾಗ ಇದೆ. ಆ ಲೆಕ್ಕ ಇರುವುದು ಬೆಂಜೊಯಿಕ್ ಆಮ್ಲದ ಮೇಲೆ. ಚೀಲದಲ್ಲಿ ಬರುವುದು ಅದರ ಸೋಡಿಯಂ ಲವಣ. ಆಮ್ಲದ ಅಣುತೂಕ 122, ಲವಣದ್ದು 144. ಹಾಗಾಗಿ 1 ಗ್ರಾಂ ಆಮ್ಲಕ್ಕೆ 1.18 ಗ್ರಾಂ ಪುಡಿ ತೂಗಬೇಕು. 200 ಕೆಜಿ ಶರಬತ್ತಿಗೆ 120 ಗ್ರಾಂ ಆಮ್ಲ, ಅಂದರೆ ಸುಮಾರು 141 ಗ್ರಾಂ ಪುಡಿ. ನಾನೇ ನಿಂತು ತೂಗಿಸಿದ್ದೆ. ರಿಜಿಸ್ಟರ್‌ನಲ್ಲಿ ನನ್ನ ಸಹಿ ಇತ್ತು.

ಮಾಲೀಕರು ಬಾಟಲಿ ನೋಡಿದರು. "ಪುಡಿ ಜಾಸ್ತಿ ಹಾಕ್ರಿ, ಮುಗೀತು" ಅಂದರು. ಸಿಟ್ಟಿನಲ್ಲಿ ಹೇಳಿದ್ದಲ್ಲ, ಅವರಿಗೆ ಅದೇ ಸಹಜ ಅನಿಸಿತ್ತು. ಉಪ್ಪು ಕಡಿಮೆಯಾದರೆ ಉಪ್ಪು ಹಾಕುತ್ತೇವೆ ಅಲ್ವಾ? ಆದರೆ 600 ದಾಟಿದ ಮಾಲನ್ನು ಮಾರಲು ನಾನು ಒಪ್ಪಲಿಲ್ಲ. ಪರೀಕ್ಷೆಗೆ ಮಾತ್ರ ಅಂತ 5 ಕೆಜಿ ಮಾಡಿ, ಎರಡು ಪಟ್ಟು ಪುಡಿ ಹಾಕಿ, ತಗಡಿನ ಗೋದಾಮಿನಲ್ಲೇ ಇಟ್ಟೆ. ಹೊರಗೆ 42 ಡಿಗ್ರಿ ಇದ್ದರೆ ಆ ತಗಡಿನ ಕೆಳಗೆ ಎಷ್ಟಿರುತ್ತೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅದೂ ಉಬ್ಬಿತು. ಮೊದಲನೆಯದು ಎಷ್ಟು ದಿನಕ್ಕೆ ಉಬ್ಬಿತ್ತೋ ಹೆಚ್ಚು ಕಡಿಮೆ ಅಷ್ಟೇ ದಿನಕ್ಕೆ.

ಆಗ ಪಿಎಚ್ ಮೀಟರ್ ತೆಗೆದೆ. ನಿಂಬೆ ಸ್ಕ್ವಾಷ್‌ಗೆ ಎಂದೂ ಅದನ್ನು ತೆಗೆದಿರಲಿಲ್ಲ, ಅದರ ಹುಳಿ ನಾಲಿಗೆಗೇ ಗೊತ್ತಾಗುತ್ತೆ. ಉಳಿಸಿಟ್ಟಿದ್ದ, ಇನ್ನೂ ಕೆಡದ ಗುಲಾಬಿ ಸ್ಯಾಂಪಲ್‌ನಲ್ಲಿ ಕಡ್ಡಿ ಮುಳುಗಿಸಿದೆ. 6.2 ತೋರಿಸಿತು. ಈ ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಜಾಸ್ತಿ, 7 ಅಂದರೆ ಹುಳಿಯೇ ಇಲ್ಲ.

ಬಿಎಸ್ಸಿಯಲ್ಲಿ ಓದಿದ ಒಂದು ಸಂಖ್ಯೆ ನೆನಪಾಯಿತು. ಬೆಂಜೊಯಿಕ್ ಆಮ್ಲದ ಪಿಕೆಎ 4.2. ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದು. ಅದರ ಅರ್ಥ ಇಷ್ಟೇ: ಪಿಎಚ್ 4.2 ಇದ್ದರೆ ಹಾಕಿದ್ದರಲ್ಲಿ ಅರ್ಧ ಆಮ್ಲದ ರೂಪದಲ್ಲಿರುತ್ತೆ, ಅರ್ಧ ಬೆಂಜೊಯೇಟ್ ರೂಪದಲ್ಲಿ. ಅಲ್ಲಿಂದ ಪಿಎಚ್ ಒಂದು ಮೆಟ್ಟಿಲು ಏರಿದರೆ ಆಮ್ಲ ಬೆಂಜೊಯೇಟಿನ ಹತ್ತನೇ ಒಂದು ಪಾಲು. ಇನ್ನೊಂದು ಮೆಟ್ಟಿಲು ಏರಿ 6.2ಕ್ಕೆ ಬಂದರೆ ನೂರನೇ ಒಂದು ಪಾಲು. ಅಂದರೆ ನಾನು ಸಹಿ ಹಾಕಿದ 600 ಮಿಲಿಗ್ರಾಂನಲ್ಲಿ ಆಮ್ಲವಾಗಿ ಉಳಿದದ್ದು 6 ಮಿಲಿಗ್ರಾಂ.

ಯೀಸ್ಟನ್ನು ತಡೆಯುವುದು ಆ 6 ಮಾತ್ರ. ಕಾರಣ ಹೀಗಿದೆ. ಯೀಸ್ಟ್ ಕೋಶದ ಸುತ್ತ ಕೊಬ್ಬಿನ ತೆಳು ಪೊರೆ ಇರುತ್ತದೆ. ಬೆಂಜೊಯೇಟಿಗೆ ವಿದ್ಯುತ್ ಚಾರ್ಜ್ ಇದೆ, ಅದನ್ನು ಪೊರೆ ಒಳಗೆ ಬಿಡುವುದಿಲ್ಲ. ಬೆಂಜೊಯಿಕ್ ಆಮ್ಲಕ್ಕೆ ಚಾರ್ಜ್ ಇಲ್ಲ. ಆರು ಕಾರ್ಬನ್‌ಗಳ ಉಂಗುರ, ಅದಕ್ಕೆ ಒಂದು ಕಾರ್ಬನ್, ಎರಡು ಆಕ್ಸಿಜನ್ ಸೇರಿದ ಕಾರ್ಬಾಕ್ಸಿಲ್ ಗುಂಪು, ಆ ಗುಂಪಿನ ತುದಿಯಲ್ಲಿ ಹೈಡ್ರೋಜನ್. ಈ ರೂಪದಲ್ಲಿದ್ದರೆ ಪೊರೆಯನ್ನು ಸಲೀಸಾಗಿ ದಾಟುತ್ತದೆ. ಕೋಶದ ಒಳಗೆ ಹುಳಿ ಕಡಿಮೆ. ಅಲ್ಲಿಗೆ ಹೋದದ್ದೇ ಹೈಡ್ರೋಜನ್ ಬಿಟ್ಟುಕೊಡುತ್ತದೆ. ಒಳಗೆಲ್ಲ ಹುಳಿಯಾಗುತ್ತದೆ. ಆ ಹುಳಿಯನ್ನು ಹೊರಗೆ ತಳ್ಳುವುದರಲ್ಲೇ ಯೀಸ್ಟಿನ ಶಕ್ತಿ ಖರ್ಚಾಗಿ, ಬೆಳೆಯಲು ಏನೂ ಉಳಿಯುವುದಿಲ್ಲ.

ಎರಡು ಪಟ್ಟು ಹಾಕಿದ ಸ್ಯಾಂಪಲ್‌ನ ಪಿಎಚ್ ನೋಡಿದಾಗ ನಾನು ಕುರ್ಚಿ ಎಳೆದುಕೊಂಡು ಕೂತೆ. 6.5 ಇತ್ತು. ಸೋಡಿಯಂ ಬೆಂಜೊಯೇಟ್ ಸ್ವಲ್ಪ ಕ್ಷಾರದ ಕಡೆಗಿನ ಲವಣ. ಸಕ್ಕರೆ ನೀರಿನಲ್ಲಿ ಅದನ್ನು ಹಿಡಿದು ನಿಲ್ಲಿಸುವ ಹುಳಿ ಯಾವುದೂ ಇಲ್ಲ. ಪುಡಿ ಜಾಸ್ತಿಯಾದಂತೆ ಪಿಎಚ್ ತಾನೇ ಮೇಲೇರುತ್ತದೆ. 6.5ರಲ್ಲಿ ಆಮ್ಲದ ಪಾಲು 200ಕ್ಕೆ 1. 1200ಕ್ಕೆ ಎಷ್ಟು? ಅದೇ 6 ಮಿಲಿಗ್ರಾಂ. ಪುಡಿ ಎರಡು ಪಟ್ಟು ಆದರೂ ಕೆಲಸ ಮಾಡುವ ಆಮ್ಲ ಒಂದು ಕಣವೂ ಹೆಚ್ಚಾಗಿರಲಿಲ್ಲ.

ಈ ಲೆಕ್ಕವನ್ನು ಬಿಳಿ ಹಾಳೆ ಮೇಲೆ ಬರೆದು ಮಾಲೀಕರ ಮುಂದೆ ಇಟ್ಟೆ. ಪಿಕೆಎ ಗಿಕೆಎ ಅಂತ ಹೇಳಲಿಲ್ಲ. ಮೂರು ಸಾಲು ಬರೆದೆ. 6.2ರಲ್ಲಿ 600ಕ್ಕೆ 6. 4.2ರಲ್ಲಿ 300. 3.2ರಲ್ಲಿ 545. ಅವರು ಎರಡು ಸಲ ಓದಿದರು. "ಅಂದ್ರ ನಿಂಬಿ ಶರಬತ್ತು ಪುಡಿಯಿಂದ ಅಲ್ಲ, ನಿಂಬಿಯಿಂದನೇ ಉಳಿದಿತ್ತೇನ್ರಿ?" ಅಂತ ಕೇಳಿದರು. ಹೌದು, ನಿಂಬೆ ಇದ್ದದ್ದರಿಂದಲೇ ಪುಡಿಗೆ ಕೆಲಸ ಮಾಡಲು ಆಗಿತ್ತು. ನನ್ನ ಮೂರು ಸಾಲಿಗಿಂತ ಅವರ ಒಂದು ಸಾಲು ಚೆನ್ನಾಗಿತ್ತು.

ಹಾಗಾದರೆ ಸಿಟ್ರಿಕ್ ಆಮ್ಲ, ಅದೇ ನಿಂಬೆಹುಳಿ, ಹಾಕಿದರೆ ಆಯಿತಲ್ಲ? ಅಲ್ಲೊಂದು ತೊಡಕು. ಗುಲಾಬಿ ಶರಬತ್ತನ್ನು ನಮ್ಮ ಊರಲ್ಲಿ ಬಹಳ ಜನ ಹಾಲಿಗೆ ಹಾಕಿ ಕುಡಿಯುತ್ತಾರೆ. ಹಾಲು ಒಡೆದರೆ ಹೆಸರು ಹೋಯಿತು. ಮೂರು ದಿನ ಅದೇ ಪ್ರಯೋಗ ಮಾಡಿದೆ. ಒಂದೊಂದು ಕೆಜಿ ಶರಬತ್ತು, ಅರ್ಧ ಗ್ರಾಂನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಹೋದೆ. ಬರೀ ಸಕ್ಕರೆ ಪಾಕಕ್ಕೆ ಅರ್ಧ ಗ್ರಾಂ ಹಾಕಿದರೂ ಪಿಎಚ್ ಸರ್ರನೆ ಇಳಿಯುತ್ತದೆ. ಬೆಂಜೊಯೇಟ್ ಇರುವ ಪಾಕದಲ್ಲಿ ಹಾಗಾಗುವುದಿಲ್ಲ, ಹಾಕಿದ ಹುಳಿಯಲ್ಲಿ ಒಂದು ಪಾಲನ್ನು ಬೆಂಜೊಯೇಟ್ ಹೀರಿಕೊಂಡು ತಾನು ಆಮ್ಲವಾಗುತ್ತೆ. ಅದಕ್ಕೇ ಪಿಎಚ್ ಅನ್ನು ಪುಡಿ ಹಾಕುವ ಮೊದಲು ಅಳೆದರೆ ಉಪಯೋಗವಿಲ್ಲ, ಹಾಕಿ ಕರಗಿದ ಮೇಲೆ ಅಳೆಯಬೇಕು. ಕೆಜಿಗೆ ಸುಮಾರು 2 ಗ್ರಾಂ ಹಾಕಿದಾಗ ನಮಗೆ 3.2 ಸಿಕ್ಕಿತು.

25 ಎಂಎಲ್ ಶರಬತ್ತು, 200 ಎಂಎಲ್ ತಣ್ಣನೆ ಹಾಲು. ಗ್ಲಾಸಿನ ಗೋಡೆಗೆ ಒಂದು ಕಣವೂ ಅಂಟಲಿಲ್ಲ. ಅರ್ಧ ಗಂಟೆ ಇಟ್ಟೆ, ಆಗಲೂ ಇಲ್ಲ. ಪ್ಯಾಕಿಂಗ್ ಹೆಣ್ಣುಮಕ್ಕಳು ಕುಡಿದು ರುಚಿ ಮೊದಲಿಗಿಂತ ಚಲೋ ಆಗ್ಯಾದ ಅಂದರು. ಸ್ವಲ್ಪ ಹುಳಿ ಇದ್ದರೆ ಸಿಹಿ ಬಾಯಿಗೆ ಅಂಟಿಕೊಳ್ಳುವುದಿಲ್ಲ. ಬೆಳಿಗ್ಗೆಯ ಹಾಲನ್ನು ಸಂಜೆ ಕುದಿಸಿ ಅದಕ್ಕೆ ಜಾಸ್ತಿ ಶರಬತ್ತು ಸುರಿದಾಗ ಮಾತ್ರ ಒಡೆಯಿತು. ಲೇಬಲ್ ಮೇಲೆ "ತಣ್ಣನೆ ಹಾಲಿಗೆ" ಅಂತ ಒಂದು ಮಾತು ಸೇರಿಸಿದೆವು.

ಇಷ್ಟಕ್ಕೆ ಎಲ್ಲ ಸರಿಹೋಯಿತು ಅಂದುಕೊಂಡೆ. ಮುಂದಿನ ಬ್ಯಾಚ್‌ನಲ್ಲಿ ಬೇರೆಯದೇ ಕಾಣಿಸಿತು. ಟ್ಯಾಂಕಿನ ಮೇಲೆ ಬಿಳಿ ಚೂರುಗಳು ತೇಲುತ್ತಿದ್ದವು. ಅಭ್ರಕದ ಹಾಗೆ ತೆಳ್ಳಗೆ, ಲೈಟ್ ಬಿದ್ದಾಗ ಮಿಂಚುತ್ತಿದ್ದವು. ಕಲಕುವ ಹುಡುಗ "ಬೂಷ್ಟು ಬಂದದ್ರಿ" ಅಂತ ಓಡಿ ಬಂದ. ಹತ್ತು ನಿಮಿಷಕ್ಕೆ ಮೊದಲು ಮಾಡಿದ ಪಾಕಕ್ಕೆ ಎಲ್ಲಿಯ ಬೂಷ್ಟು? ಒಂದು ಚೂರನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿದೆ. ಸಾಬೂನಿನ ಚಕ್ಕೆ ತರ ಜಾರಿತು, ಕರಗಲಿಲ್ಲ. ಕಾಲೇಜು ಲ್ಯಾಬ್‌ನಲ್ಲಿ ಬಿಸಿ ನೀರಿನಲ್ಲಿ ಕರಗಿಸಿ ತಣ್ಣಗಾಗಲು ಬಿಟ್ಟ ಬೀಕರ್‌ನಲ್ಲಿ ಕಂಡಿದ್ದ ಅದೇ ಹರಳು. ಬೆಂಜೊಯಿಕ್ ಆಮ್ಲ.

ಆಗಿದ್ದು ಏನಂದರೆ, ಅವನು ಮೊದಲು ಸಿಟ್ರಿಕ್ ಹಾಕಿದ್ದ. ಆಮೇಲೆ ಬೆಂಜೊಯೇಟ್ ಪುಡಿಯನ್ನು ಒಣದಾಗಿಯೇ ಒಂದೇ ಜಾಗಕ್ಕೆ ಸುರಿದಿದ್ದ. ಸೋಡಿಯಂ ಬೆಂಜೊಯೇಟ್ ಒಂದು ಲೀಟರ್ ನೀರಿನಲ್ಲಿ 500 ಗ್ರಾಂಗಿಂತ ಹೆಚ್ಚು ಕರಗುತ್ತದೆ. ಬೆಂಜೊಯಿಕ್ ಆಮ್ಲ 25 ಡಿಗ್ರಿಯಲ್ಲಿ ಲೀಟರಿಗೆ 3.4 ಗ್ರಾಂ ಮಾತ್ರ. ಪುಡಿ ಬಿದ್ದ ಜಾಗದಲ್ಲಿ ಒಮ್ಮೆಲೇ ಆಮ್ಲವಾಗಿ, ಕರಗಲಾರದೆ, ಹರಳಾಗಿ ಮೇಲೆ ಬಂದಿದೆ. ಇಡೀ ಟ್ಯಾಂಕಿಗೆ ಹಂಚಿದರೆ ಆ ಪ್ರಮಾಣ ಕರಗುವಂಥದ್ದೇ. ಆದರೆ ದಪ್ಪ ಪಾಕದಲ್ಲಿ ಒಮ್ಮೆ ಹರಳಾದದ್ದು ಮತ್ತೆ ಕರಗಲು ಗಂಟೆಗಟ್ಟಲೆ ಬೇಕು. ಅದು ಹಾಗೇ ಬಾಟಲಿಗೆ ಹೋಗಿದ್ದರೆ ಗಿರಾಕಿ ಅದನ್ನು ಗಾಜಿನ ಚೂರು ಅಂದುಕೊಳ್ಳುತ್ತಿದ್ದ, ಅವನ ತಪ್ಪೂ ಅಲ್ಲ.

ಅಂದಿನಿಂದ ಕ್ರಮ ಬದಲಾಯಿತು. ಪುಡಿಯನ್ನು ಮೊದಲು ಎರಡು ಲೀಟರ್ ಬೆಚ್ಚನೆ ನೀರಿನಲ್ಲಿ ಪೂರ್ತಿ ಕರಗಿಸಬೇಕು. ಅದನ್ನು ಪಾಕಕ್ಕೆ ಸೇರಿಸಿ ಚೆನ್ನಾಗಿ ತಿರುಗಿಸಬೇಕು. ಸಿಟ್ರಿಕ್ ಅನ್ನೂ ಬೇರೆ ನೀರಿನಲ್ಲಿ ಕರಗಿಸಿ, ಕೊನೆಗೆ, ಕಲಕುತ್ತಲೇ ಸಣ್ಣ ಧಾರೆಯಲ್ಲಿ ಬಿಡಬೇಕು. ಇದೆಲ್ಲ ಪಾಕದ ಕುದಿ ಇಳಿದ ಮೇಲೆ. ಬೆಂಜೊಯಿಕ್ ಆಮ್ಲಕ್ಕೆ ಹಬೆಯ ಜೊತೆ ಹಾರಿಹೋಗುವ ಗುಣ ಇದೆ. ಕುದಿಯುವ ಹುಳಿ ಪಾಕಕ್ಕೆ ಹಾಕಿದರೆ ಒಂದಷ್ಟು ಛಾವಣಿಗೆ ಹೋಗುತ್ತದೆ, ಇನ್ನೊಂದಷ್ಟು ಕಲಕುವವನ ಗಂಟಲಿಗೆ. ಆ ಹುಡುಗ ಅವತ್ತು ಕೆಮ್ಮುತ್ತಿದ್ದುದಕ್ಕೂ ಇದೇ ಕಾರಣ ಇರಬೇಕು. ಮಾಸ್ಕ್ ಕೊಡಿಸಿದ್ದು ಅದಾದ ಮೇಲೆ. ಮೊದಲೇ ಕೊಡಿಸಬೇಕಿತ್ತು.

ಇನ್ನೊಂದು ಬದಲಾವಣೆ ನಿಂಬೆ ಸ್ಕ್ವಾಷ್‌ನಲ್ಲಿ ಮಾಡಿದೆ, ಯಾರೂ ದೂರು ಕೊಟ್ಟಿರದಿದ್ದರೂ. ಅದಕ್ಕೆ ನಾವು ವಿಟಮಿನ್ ಸಿ ಪುಡಿ ಬೇರೆ ಸೇರಿಸುತ್ತಿದ್ದೆವು, ಲೇಬಲ್ ಮೇಲೆ ಚೆನ್ನಾಗಿ ಕಾಣುತ್ತೆ ಅಂತ. ಬೆಂಜೊಯಿಕ್ ಆಮ್ಲ ಮತ್ತು ವಿಟಮಿನ್ ಸಿ ಒಂದೇ ಬಾಟಲಿಯಲ್ಲಿದ್ದು, ಬಿಸಿಲು ಮತ್ತು ಶಾಖ ತಾಗಿದರೆ, ಕಾರ್ಬಾಕ್ಸಿಲ್ ಗುಂಪು ಕಳಚಿಬಿದ್ದು ಬರೀ ಉಂಗುರ ಉಳಿಯಬಹುದು. ಆ ಬರೀ ಉಂಗುರವೇ ಬೆಂಜೀನ್. ಅದು ಕ್ಯಾನ್ಸರ್ ತರುವ ವಸ್ತು. ಹುಟ್ಟುವುದು ತೀರಾ ಸಣ್ಣ ಪ್ರಮಾಣ, ಲೀಟರಿಗೆ ಮೈಕ್ರೋಗ್ರಾಂ ಲೆಕ್ಕ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಗೆರೆಯೂ ಲೀಟರಿಗೆ 10 ಮೈಕ್ರೋಗ್ರಾಂ. 1990ರಲ್ಲೇ ಅಮೆರಿಕದ ತಂಪು ಪಾನೀಯಗಳಲ್ಲಿ ಇದು ಪತ್ತೆಯಾಗಿತ್ತು. ನಮ್ಮ ತಗಡಿನ ಗೋದಾಮು, ಬಿಸಿಲಲ್ಲಿ ನಿಲ್ಲುವ ಟೆಂಪೊ, ಅಂಗಡಿಯ ಮುಂದೆ ಸಾಲಾಗಿ ಜೋಡಿಸಿದ ಬಾಟಲಿ, ಇವನ್ನೆಲ್ಲ ಕಣ್ಣಾರೆ ಕಂಡವಳಿಗೆ ಆ ಪುಡಿ ಹಾಕಲು ಕೈ ಬರಲಿಲ್ಲ. ನಿಂಬೆಯದೇ ಸ್ವಂತ ವಿಟಮಿನ್ ಸಿ ಸ್ವಲ್ಪ ಇದ್ದೇ ಇರುತ್ತದೆ. ಮೇಲಿಂದ ಹಾಕುವುದನ್ನು ನಿಲ್ಲಿಸಿದೆವು, ಪೆಟ್ಟಿಗೆಗಳನ್ನು ಒಳಗೋಡೆಯ ಕಡೆಗೆ ಸರಿಸಿದೆವು.

ಕೆಮಿಕಲ್ ಹಾಕ್ತೀರಾ ಅಂತ ಜನ ಕೇಳುತ್ತಾರೆ. ಕೇಳಬೇಕು ಕೂಡ. ನಾನು ಇದ್ದದ್ದನ್ನು ಹೇಳುತ್ತೇನೆ. ಹಾಕುತ್ತೇವೆ, ಇಷ್ಟು ಹಾಕುತ್ತೇವೆ, ಲೇಬಲ್ ಮೇಲೆ ಬರೆದಿದ್ದೇವೆ. ಗೆರೆಯ ಒಳಗೆ ತಿಂದ ಬೆಂಜೊಯಿಕ್ ಆಮ್ಲವನ್ನು ನಮ್ಮ ಯಕೃತ್ತು ಗ್ಲೈಸಿನ್ ಅನ್ನುವ ಅಮೈನೊ ಆಮ್ಲದ ಜೊತೆ ಸೇರಿಸಿ ಹಿಪ್ಯೂರಿಕ್ ಆಮ್ಲ ಮಾಡುತ್ತದೆ, ಅದು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಮೈಯಲ್ಲಿ ಕೂಡಿಬೀಳುವುದಿಲ್ಲ. ಮೊಸರಿನಲ್ಲೂ ಅದು ತಾನಾಗಿಯೇ ಸ್ವಲ್ಪ ಇರುತ್ತದೆ, ದಾಲ್ಚಿನ್ನಿಯಲ್ಲೂ. ಗಜಕರ್ಣಕ್ಕೆ ಹಚ್ಚುವ ವಿಟ್‌ಫೀಲ್ಡ್ ಮುಲಾಮಿನಲ್ಲಿ ಇದೇ 6 ಪರ್ಸೆಂಟ್, ಜೊತೆಗೆ 3 ಪರ್ಸೆಂಟ್ ಸ್ಯಾಲಿಸಿಲಿಕ್ ಆಮ್ಲ. ಶರಬತ್ತಿನಲ್ಲಿ ಬೂಷ್ಟನ್ನು ತಡೆಯುವ ಅದೇ ಗುಣ ಚರ್ಮದ ಮೇಲಿನ ಫಂಗಸ್ಸಿಗೂ ಆಗುತ್ತದೆ. ಆದರೆ ಒಂದು ಮಾತು: ಇದು ಸ್ವಚ್ಛತೆಗೆ ಬದಲಿ ಅಲ್ಲ. ತೊಳೆಯದ ಟ್ಯಾಂಕಿನಲ್ಲಿ ಯೀಸ್ಟ್ ಮೊದಲೇ ಕೋಟಿಗಟ್ಟಲೆ ಇದ್ದರೆ 545 ಮಿಲಿಗ್ರಾಂ ಕೂಡ ಸೋಲುತ್ತೆ.

ಮುಲಾಮು, ಮೊಸರು ಅಂತ ಹೇಳಿದರೂ ಆ ಕಲಕುವ ಹುಡುಗನ ಮುಖದಲ್ಲಿ ಅನುಮಾನ ಹೋಗಿರಲಿಲ್ಲ. ಅವನ ಮನೆ ದರ್ಗಾ ರಸ್ತೆಯಲ್ಲಿ. ಖ್ವಾಜಾ ಬಂದೇ ನವಾಜ್ ದರ್ಗಾದ ಹೊರಗೆ ಹೂವು, ಚಾದರದ ಜೊತೆ ಲೋಬಾನ ಮಾರುತ್ತಾರೆ. ನಾಳೆ ಬರುವಾಗ ಒಂದು ಪೊಟ್ಟಣ ತಗೊಂಡು ಬಾ ಅಂದೆ. ತಂದ. ಹಿಟ್ಟು ಜರಡಿ ಹಿಡಿದಷ್ಟು ನುಣ್ಣಗೆ ಕುಟ್ಟಿ, ಸ್ಟೀಲ್ ಬಟ್ಟಲಿನಲ್ಲಿ ಹಾಕಿ, ಮೇಲೆ ತಣ್ಣೀರು ತುಂಬಿದ ಲೋಟ ಇಟ್ಟು, ಸಣ್ಣ ಉರಿಯ ಮೇಲೆ ಕಾಯಿಸಿದೆ. ಹೊಗೆ ಬರುವಷ್ಟು ಅಲ್ಲ. ಲ್ಯಾಬ್ ತುಂಬ ದರ್ಗಾದ ವಾಸನೆ ಹರಡಿತು. ಕಾಲು ಗಂಟೆ ಆದ ಮೇಲೆ ಲೋಟ ಎತ್ತಿ ತೋರಿಸಿದೆ. ತಳಕ್ಕೆ ಬಿಳಿ ಸೂಜಿಗಳು ಕೂತಿದ್ದವು, ಬೆರಳಿನ ಕೂದಲಿಗಿಂತ ಸಣ್ಣವು.

16ನೇ ಶತಮಾನದಲ್ಲಿ ಯುರೋಪಿನವರು ಈ ಆಮ್ಲವನ್ನು ಮೊದಲು ಕಂಡದ್ದು ಹೀಗೇ, ಈ ಅಂಟನ್ನು ಕಾಯಿಸಿ. ಹೆಸರೂ ಅಲ್ಲಿಂದಲೇ. ಅರಬ್ಬರು ಸುಮಾತ್ರಾ ಕಡೆಯ ಈ ಅಂಟಿಗೆ 'ಲುಬಾನ್ ಜಾವಿ' ಅಂದರು, ಜಾವಾದ ಲೋಬಾನ ಅಂತ. ಯುರೋಪಿನ ಬಾಯಿಯಲ್ಲಿ 'ಲು' ಉದುರಿ 'ಬೆಂಜೊಯಿನ್' ಆಯಿತು. ಅದರಿಂದ ಬೆಂಜೊಯಿಕ್, ಅದರಿಂದ ಬೆಂಜೀನ್. ಲೀಬಿಗ್ ಮತ್ತು ವ್ಯೋಲರ್ ಅನ್ನುವ ಜರ್ಮನ್ ರಸಾಯನಶಾಸ್ತ್ರಜ್ಞರು 1832ರಲ್ಲಿ ಇದರಲ್ಲಿ ಯಾವ ಮೂಲವಸ್ತು ಎಷ್ಟಿದೆ ಅನ್ನುವ ಲೆಕ್ಕ ಬಿಡಿಸಿದರು. ಇದು ಬೂಷ್ಟನ್ನು ತಡೆಯುತ್ತೆ ಅಂತ 1875ರಲ್ಲಿ ತಿಳಿಯಿತು. ಈಗ ಚೀಲದಲ್ಲಿ ಬರುವುದು ಲೋಬಾನದಿಂದ ತೆಗೆದದ್ದಲ್ಲ. ಪೆಟ್ರೋಲಿಯಂನ ಟೊಲುಯೀನ್‌ಗೆ ಗಾಳಿಯ ಆಕ್ಸಿಜನ್ ಕೂಡಿಸಿ ಮಾಡುತ್ತಾರೆ. ಅಣು ಮಾತ್ರ ಅದೇ.

ಆ ಸೂಜಿಗಳ ಕರಗುವ ಬಿಂದು ನೋಡಿದೆ. ಶುದ್ಧ ಬೆಂಜೊಯಿಕ್ ಆಮ್ಲ 122 ಡಿಗ್ರಿಗೆ ಸರಿಯಾಗಿ ಕರಗಬೇಕು. ಇವು ಅದಕ್ಕೆ ಮೊದಲೇ ಮೆತ್ತಗಾಗಿ ನಿಧಾನಕ್ಕೆ ಕರಗಿದವು. ಸುಮಾತ್ರಾದ ಲೋಬಾನದಲ್ಲಿ ಸಿನಮಿಕ್ ಆಮ್ಲವೂ ಇರುತ್ತದೆ, ಎರಡೂ ಬೆರೆತು ಬಂದಿದ್ದವು. ಹುಡುಗನಿಗೆ ಆ ಡಿಗ್ರಿ ಬೇಕಿರಲಿಲ್ಲ. ಅವನು ಲೋಟವನ್ನು ಕಣ್ಣ ಹತ್ತಿರ ಹಿಡಿದುಕೊಂಡು, "ನಮ್ಮ ಅಮ್ಮೀ ಪ್ರತಿ ಗುರುವಾರ ಇದನ್ನೇ ಸುಡ್ತಾಳ್ರಿ" ಅಂದ. ಅವತ್ತಿನಿಂದ ಪಿಎಚ್ ಅವನೇ ಅಳೆಯುತ್ತಾನೆ. ಮೀಟರನ್ನು ಪಿಎಚ್ ಮೊದಲೇ ಗೊತ್ತಿರುವ ದ್ರಾವಣಗಳಲ್ಲಿ, ಅಂದರೆ 4 ಮತ್ತು 7ರ ಬಫರ್‌ನಲ್ಲಿ ಸರಿಮಾಡದೆ ಕಡ್ಡಿ ಮುಳುಗಿಸಲು ಯಾರಿಗೂ ಬಿಡುವುದಿಲ್ಲ.

ರಿಜಿಸ್ಟರ್‌ನಲ್ಲಿ ಪುಡಿಯ ತೂಕದ ಪಕ್ಕ ಒಂದು ಹೊಸ ಗೀಟು ಎಳೆದು "ಕೊನೆಯ ಪಿಎಚ್" ಅಂತ ಬರೆದೆವು. 3.5ಕ್ಕಿಂತ ಮೇಲಿದ್ದರೆ ಬಾಟಲಿಗೆ ಇಳಿಸುವಂತಿಲ್ಲ. ಪ್ರತಿ ಬ್ಯಾಚ್‌ನಿಂದ 4 ಬಾಟಲಿ ತಗಡಿನ ಗೋದಾಮಿನ ಅತ್ಯಂತ ಬಿಸಿ ಮೂಲೆಯಲ್ಲಿ 30 ದಿನ ಇಡುತ್ತೇವೆ.

ಮಾಲು ವಾಪಸ್ ಕಳಿಸಿದ್ದ ಸೂಪರ್ ಮಾರ್ಕೆಟ್ ಅಂಗಡಿಯವರು ಹೊಸ ಪೆಟ್ಟಿಗೆ ಇಳಿಸಿಕೊಳ್ಳಲು ಮೊದಲು ಒಪ್ಪಲಿಲ್ಲ. ಆ ಮೂಲೆಯಿಂದ 30 ದಿನ ಕಳೆದ ಒಂದು ಬಾಟಲಿ ತೆಗೆದುಕೊಂಡು ಹೋಗಿ ಅವರ ಕೈಗೇ ಕೊಟ್ಟೆ. ಅವರು ಅದನ್ನು ಕಿವಿಯ ಹತ್ತಿರ ಹಿಡಿದು ಮುಚ್ಚಳ ತಿರುಗಿಸಿದರು. ಏನೂ ಸದ್ದು ಬರಲಿಲ್ಲ. ಮೂಸಿದರು. ಆಮೇಲೆ ಒಳಗೆ ಕೂಗಿ ಎರಡು ಗ್ಲಾಸು ಹಾಲು ತರಿಸಿದರು.